ಕಂಬಳಕ್ಕೆ ಮುನ್ನ ಒಂದು ಕಂಬಳ

ನವೆಂಬರ್ ತಿಂಗಳ ಒಂದು ರವಿವಾರ. ಬೆಳಿಗ್ಗೆ ಆರೂವರೆಗೇ ಕಡಬದಿಂದ ಹೊರಟ ನಾವು ಬಂಟ್ವಾಳ ದಾಟಿ ಆ ಕರೆಯ ಬಳಿ ತಲಪುವಾಗ ಬಿಸಿಲು ಏರತೊಡಗಿತ್ತು. ಅಲ್ಲಿ ಸ್ವಾಗತ ಕಮಾನು ಇರಲಿಲ್ಲ. ಗಣ್ಯರಿಗೆ ಚಪ್ಪರ, ವೇದಿಕೆ, ಹೊನಲು ಬೆಳಕಿನ ಕಂಬ ಯಾವುದೂ ಇರಲಿಲ್ಲ. ನೀರು ಕಟ್ಟಿದ ಎರಡು ಕೆಸರಿನ ಪಟ್ಟಿಗಳು, ಬದುವಿನ ಮೇಲೆ ನೂರಿನ್ನೂರು ಜನ, ತೆಂಗಿನ ಮರಗಳ ನೆರಳಲ್ಲಿ ಕಟ್ಟಿಹಾಕಿದ ಕೋಣಗಳು, ಒಂದು ಚಹಾದ ಅಂಗಡಿ. ಇಷ್ಟೆ.

ನನ್ನ ಮಾವ ಅಂಗಿಯ ಕಿಸೆಯಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದು ಬದುವಿನ ಮೇಲೆ ಕುಳಿತರು. ಅವರಿಗೆ ಸ್ವಂತ ಕೋಣಗಳಿಲ್ಲ, ಗದ್ದೆಯೂ ಇಲ್ಲ. ಇರುವುದು ಅಡಿಕೆ ತೋಟ, ಒಂದಿಷ್ಟು ರಬ್ಬರು. ಆದರೂ ಬೇರೆ ತಾಲೂಕಿನ ಒಂದು ಮನೆಯ ಕೋಣಗಳನ್ನು ಅವರು ವರ್ಷಗಳಿಂದ ಹಿಂಬಾಲಿಸುತ್ತಿದ್ದಾರೆ. ಯಜಮಾನರ ಪರಿಚಯವಾದದ್ದು ಆಮೇಲೆ, ಕೋಣಗಳ ಪರಿಚಯ ಮೊದಲು. "ನೀನು ಪೇಪರಿನವ ಅಲ್ವಾ ಮಾರಾಯ, ಫೈನಲ್ ಮಾತ್ರ ಬರೀತಿ. ಫೈನಲ್ ನೋಡಿದ್ರೆ ಯಾರು ಗೆದ್ದದ್ದು ಅಂತ ಗೊತ್ತಾಗ್ತದೆ. ಕೋಣ ಎಂಥದ್ದು ಅಂತ ಗೊತ್ತಾಗ್ಬೇಕಾದ್ರೆ ಕುದಿ ನೋಡ್ಬೇಕು" ಎಂದರು.

ಕಂಬಳದವರ ಭಾಷೆಯಲ್ಲಿ ಕುದಿ ಎಂದರೆ ಅಭ್ಯಾಸದ ಓಟ. ಋತುವಿನ ಕಂಬಳಗಳು ಆರಂಭವಾಗುವ ಮೊದಲು ಅಲ್ಲಲ್ಲಿ ಕರೆಗಳಲ್ಲಿ ನಡೆಯುವ ಇಂತಹ ಕೂಟಗಳಿಗೆ ಕುದಿ ಕಂಬಳ ಎಂದೇ ಹೆಸರು. ಇಲ್ಲಿ ಪದಕವಿಲ್ಲ, ಪವನುಗಳ ಲೆಕ್ಕವಿಲ್ಲ. ಮಳೆಗಾಲವಿಡೀ ಹಟ್ಟಿಯಲ್ಲಿದ್ದ ಕೋಣಗಳ ಕಾಲು ಹೇಗಿದೆ, ಹೊಸದಾಗಿ ಜೋಡಿ ಮಾಡಿದ ಎರಡು ಕೋಣಗಳು ಹೊಂದಿಕೊಳ್ಳುತ್ತವೆಯೆ, ಓಡಿಸುವವನ ಹೆಜ್ಜೆಗೂ ಅವುಗಳ ಹೆಜ್ಜೆಗೂ ತಾಳ ಕೂಡುತ್ತದೆಯೆ ಎಂದು ನೋಡುವುದಷ್ಟೇ ಉದ್ದೇಶ. ಕಂಬಳದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸದ ಈ ಕುದಿಯ ಹಿಂದೆ ಕರಾವಳಿಯ ಬೇಸಾಯದ ಒಂದು ದೊಡ್ಡ ಕಥೆಯೇ ಅಡಗಿದೆ.

ಗೆಲುವಿಲ್ಲದ ಆಟದ ಆಕರ್ಷಣೆ

ಗೆದ್ದರೂ ಲೆಕ್ಕಕ್ಕಿಲ್ಲದ ಆಟವನ್ನು ನೋಡಲು ಜನ ಏಕೆ ಹೋಗಬೇಕು? ಈ ಪ್ರಶ್ನೆ ನಮ್ಮ ಜಿಲ್ಲೆಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ದಾಂಡಿನ ಆಟ ಬಹು ಜನಪ್ರಿಯ. ಅಲ್ಲಿನ ಉತ್ತರದ ನಗರಗಳಲ್ಲಿ ಚಳಿಗಾಲ ಕಳೆದು ಹಿಮ ಕರಗುವ ಮೊದಲೇ, ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ತಂಡಗಳೆಲ್ಲ ಬೆಚ್ಚನೆಯ ಫ್ಲೋರಿಡಾ, ಅರಿಜೋನಾ ರಾಜ್ಯಗಳಿಗೆ ಹೋಗಿ ಬೀಡುಬಿಡುತ್ತವೆ. ಅಲ್ಲಿ ಕಸರತ್ತು, ಅಭ್ಯಾಸ, ತಮ್ಮತಮ್ಮಲ್ಲೇ ಪಂದ್ಯ. 19ನೇ ಶತಮಾನದ ಕೊನೆಯ ದಶಕಗಳಿಂದಲೂ ಈ ಪದ್ಧತಿ ಇದೆ. ಆ ಪಂದ್ಯಗಳ ಫಲಿತಾಂಶ ಯಾವ ಪಟ್ಟಿಗೂ ಸೇರುವುದಿಲ್ಲ. ಆದರೂ ಸಾವಿರಾರು ಅಭಿಮಾನಿಗಳು ರಜೆ ಹಾಕಿ ತಮ್ಮ ತಂಡದ ಹಿಂದೆಯೇ ದಕ್ಷಿಣಕ್ಕೆ ಪ್ರಯಾಣ ಮಾಡುತ್ತಾರೆ. ಹೊಸ ಹುಡುಗ ಯಾರು, ಹಳೆಯ ಆಟಗಾರನ ಭುಜದ ನೋವು ವಾಸಿಯಾಯಿತೆ ಎಂದು ಹತ್ತಿರದಿಂದ ನೋಡುವ ಸುಖ ಅವರದು. ಋತು ಇನ್ನೂ ಆರಂಭವಾಗಿಲ್ಲ, ಆದ್ದರಿಂದ ಯಾರೂ ಇನ್ನೂ ಸೋತಿಲ್ಲ!

ಕುದಿಯ ಬದುವಿನ ಮೇಲೆ ಕುಳಿತವರ ಮನಸ್ಸೂ ಇದೇ. ಆದರೆ ಒಂದು ವ್ಯತ್ಯಾಸವಿದೆ. ಬೇಸ್‌ಬಾಲ್ ಮೊದಲಿನಿಂದಲೂ ಆಟವೇ. ಕಂಬಳ ಹಾಗಲ್ಲ. ಅದು ಬೇಸಾಯದ ಮಗ್ಗುಲಲ್ಲಿ ಹುಟ್ಟಿದ್ದು. ಒಂದು ಕಾಲದಲ್ಲಿ ಕೋಣಗಳಿಗೆ ಪ್ರತ್ಯೇಕ ತಾಲೀಮು ಎಂಬುದೇ ಬೇಕಾಗಿರಲಿಲ್ಲ.

ಉಳುಮೆಯೇ ತಾಲೀಮು

ತುಳುನಾಡಿನ ಬೇಸಾಯಗಾರ ವರ್ಷದಲ್ಲಿ ಮೂರು ಬೆಳೆಯ ಮಾತಾಡುತ್ತಾನೆ. ಮಳೆಯನ್ನು ನಂಬಿದ್ದು ಏಣೆಲು, ಅದರ ನಂತರದ್ದು ಸುಗ್ಗಿ, ನೀರಿನ ಆಸರೆ ಚೆನ್ನಾಗಿದ್ದಲ್ಲಿ ಕೊಳಕೆ. ಏಣೆಲಿನ ಕೊಯ್ಲು ಮುಗಿದು ಸುಗ್ಗಿಯ ಬೇಸಾಯಕ್ಕೆ ಗದ್ದೆ ಹದಗೊಳಿಸುವ ಹೊತ್ತು ನವೆಂಬರ್-ಡಿಸೆಂಬರ್. ಸಾಂಪ್ರದಾಯಿಕ ಕಂಬಳಗಳು ಹೆಚ್ಚಾಗಿ ಬರುವುದೂ ಇದೇ ಕಾಲಕ್ಕೆ. ಗುತ್ತಿನ ಮನೆಯ ಎದುರಿನ ಬಾಕಿಮಾರು ಗದ್ದೆ ಊರಿನಲ್ಲೇ ದೊಡ್ಡದು. ಅದನ್ನು ಉತ್ತು, ಹಲಗೆ ಹೊಡೆದು ಸಮ ಮಾಡುವ ದಿನ ಊರಿನ ಎಲ್ಲ ಮನೆಗಳ ಕೋಣಗಳೂ ಸಿಂಗರಿಸಿಕೊಂಡು ಕೊಂಬು ಕಹಳೆಯೊಂದಿಗೆ ಬಂದು ಇಳಿಯುತ್ತಿದ್ದವು. ಕೆಲಸ ಮುಗಿದ ಮೇಲೆ ಓಟ. ಗೆದ್ದ ಕೋಣಕ್ಕೆ ಬಾಳೆಗೊನೆ, ಎಳನೀರು, ಯಜಮಾನನಿಗೆ ಊರಿನಲ್ಲಿ ಮರ್ಯಾದೆ. ಗದ್ದೆಯ ನಡುವೆ ಪೂಕರೆ ಏರಿಸಿ ಪೂಜಿಸುವ ಕ್ರಮವೂ ಹಲವೆಡೆ ಇತ್ತು, ಕೆಲವೆಡೆ ಈಗಲೂ ಇದೆ.

ಕೆಸರು ಎಂಬ ಅರ್ಥದ 'ಕಂಪ' ಶಬ್ದದಿಂದ ಕಂಬಳ ಬಂತು ಎನ್ನುವವರಿದ್ದಾರೆ. ಅದೇನೇ ಇರಲಿ, ಕಂಬಳದ ಮೂಲ ಕೆಸರಿನ ಕೆಲಸದಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಆಳದ ಕೆಸರಿನಲ್ಲಿ ಕಾಲು ಹೂತರೂ ಎಳೆದು ನಡೆಯುವ ಶಕ್ತಿ ಕೋಣಕ್ಕೆ ಹೆಚ್ಚು. ಜೂನ್‌ನಿಂದಲೇ ನೊಗ ಹೊತ್ತ ಕೋಣಗಳಿಗೆ ನವೆಂಬರ್ ಹೊತ್ತಿಗೆ ಜೊತೆಗಾರನ ನಡೆ ತಿಳಿದಿರುತ್ತಿತ್ತು, ಮಾತು ತಿಳಿದಿರುತ್ತಿತ್ತು, ಕೆಸರಿನ ಆಳ ತಿಳಿದಿರುತ್ತಿತ್ತು. ಓಡಿಸುವವನು ಉಳುವವನೇ. ಅಂದರೆ ಐದು ತಿಂಗಳ ಉಳುಮೆಯೇ ತಾಲೀಮು, ಕಂಬಳ ಅದರ ಕೊನೆಯ ಒಂದು ದಿನದ ಹಬ್ಬ. ಇಂದು ನಾವು ಕುದಿ ಎಂದು ಪ್ರತ್ಯೇಕವಾಗಿ ನೋಡುತ್ತಿರುವುದು ಅಂದು ದಿನನಿತ್ಯದ ದುಡಿಮೆಯಾಗಿತ್ತು.

ಕಂಬಳದ ಹಳೆಯ ಸಿದ್ಧತೆಯಲ್ಲಿ ಇನ್ನೊಂದು ಭಾಗವೂ ಇತ್ತು. ಅದನ್ನು ಹೇಳದೆ ಬಿಟ್ಟರೆ ಈ ಇತಿಹಾಸ ಅರ್ಧವಾಗುತ್ತದೆ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಇಬ್ಬನಿಯಲ್ಲಿ ಡೋಲು ಬಾರಿಸುತ್ತಾ ಬೆಳಗಿನವರೆಗೆ ಕುಳಿತಿರಬೇಕಾಗಿತ್ತು. ಇದಕ್ಕೆ 'ಪನಿಕುಲ್ಲುನಿ' ಎಂದು ಹೆಸರು. ಬೆಳಿಗ್ಗೆ ಕೋಣಗಳು ಇಳಿಯುವ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅದು ಕೋಣದ ಕಾಲಿಗೆ ಚುಚ್ಚುವ ಮೊದಲು ಮನುಷ್ಯನ ಕಾಲಿಗೆ ಚುಚ್ಚಲಿ ಎಂಬ ಲೆಕ್ಕಾಚಾರ! ಕೊರಗರ ಮೇಲಿನ ಇಂತಹ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕದಲ್ಲಿ ಕಾನೂನು ಬಂದದ್ದು 2000ದಲ್ಲಿ. ಕೋಣಗಳ ಕಾಲಿನ ಬಗ್ಗೆ ನಾವು ತೋರಿಸಿದ ಕಾಳಜಿ ಎಲ್ಲ ಮನುಷ್ಯರ ಕಾಲಿನ ಬಗ್ಗೆ ಇರಲಿಲ್ಲ ಎಂಬುದನ್ನು ಕಂಬಳದ ಅಭಿಮಾನಿಗಳೂ ನೆನಪಿಡಬೇಕಾಗುತ್ತದೆ.

ಗುತ್ತಿನಿಂದ ಸಮಿತಿಗೆ

ಹಳೆಯ ಕಂಬಳ ಒಂದೇ ಕರೆಯದು. ಒಂದು ಜೋಡಿಯ ಹಿಂದೆ ಇನ್ನೊಂದು ಜೋಡಿ ಓಡುತ್ತಿತ್ತು. ಅಕ್ಕಪಕ್ಕ ಎರಡು ಕರೆ ಮಾಡಿ ಎರಡು ಜೋಡಿಗಳನ್ನು ಒಟ್ಟಿಗೆ ಬಿಡುವ ಜೋಡುಕರೆಯ ಆಧುನಿಕ ಕಂಬಳ ನೆಲೆಗೊಂಡದ್ದು 1970ರ ಸುಮಾರಿಗೆ. ಕಾರ್ಕಳದ ಬಳಿಯ ಬಜಗೋಳಿಯ ಲವ-ಕುಶ ಕಂಬಳವನ್ನು ಈ ಬಗೆಯ ಕಂಬಳಗಳಿಗೆ ನಾಂದಿ ಎಂದು ಹೇಳಲಾಗುತ್ತದೆ. ಯಾರು ಮೊದಲು ಮಂಜೊಟ್ಟಿ ಏರಿದರು ಎಂಬುದು ಕಣ್ಣಿಗೇ ಕಾಣುವಂತಾದಾಗ ಕಂಬಳಕ್ಕೆ ಪ್ರೇಕ್ಷಕ ಹುಟ್ಟಿಕೊಂಡ. ಪ್ರೇಕ್ಷಕನ ಬೆನ್ನಿಗೆ ಅಭಿಮಾನಿಯೂ ಬಂದ.

ಇದೇ ಹೊತ್ತಿಗೆ ನೆಲದ ಸಂಬಂಧಗಳೂ ಬದಲಾಗುತ್ತಿದ್ದವು. 1974ರ ಭೂಸುಧಾರಣಾ ತಿದ್ದುಪಡಿ ಕಾಯ್ದೆಯ ನಂತರ ಗೇಣಿಯ ಗದ್ದೆಗಳು ಉಳುವವರ ಪಾಲಾದವು. ಗುತ್ತಿನ ಮನೆಯ ಬಾಕಿಮಾರಿಗೆ ಊರಿನ ಕೋಣಗಳೆಲ್ಲ ಬರಲೇಬೇಕೆಂಬ ಕಟ್ಟಳೆ ಸಡಿಲವಾಯಿತು. ಮನೆತನಗಳ ಜಾಗದಲ್ಲಿ ಸಮಿತಿಗಳು ಬಂದವು. ಬಾಳೆಗೊನೆಯ ಜಾಗದಲ್ಲಿ ಚಿನ್ನ ಬಂತು. ದೊಡ್ಡ ಜೋಡುಕರೆಗಳಲ್ಲಿ ಮೊದಲ ಬಹುಮಾನ ಎರಡು ಪವನು, ಎರಡನೆಯದು ಒಂದು ಪವನು ಎಂಬುದು ರೂಢಿಯಾಯಿತು.

ಆಮೇಲೆ ಬಂದದ್ದು ಟಿಲ್ಲರು. ಅದರ ಹಿಂದೆ ಅಡಿಕೆ. ಪುತ್ತೂರು, ಸುಳ್ಯ, ಕಡಬದ ಕಡೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜನ ಕಾಲದಲ್ಲಿ ಬೈಲು ಎಂದು ಕರೆಯುತ್ತಿದ್ದ ಜಾಗಗಳಲ್ಲಿ ಇಂದು ಅಡಿಕೆ ಮರಗಳ ಸಾಲುಗಳಿವೆ, ಗುಡ್ಡೆಗಳಲ್ಲಿ ರಬ್ಬರಿನ ಚಿಪ್ಪುಗಳು ತೂಗುತ್ತಿವೆ. ಗದ್ದೆ ಇಲ್ಲದ ಮೇಲೆ ಕೋಣ ಯಾಕೆ? ಹಸುವಾದರೆ ಹಾಲಿದೆ, ಗೊಬ್ಬರವಿದೆ. ಕೋಣಕ್ಕೆ ನೊಗವೊಂದೇ ಕೆಲಸ. ಹೀಗೆ ಹಟ್ಟಿಯಿಂದ ಕೋಣ ಮಾಯವಾದ ನಾಡಿನಲ್ಲೇ ಜೋಡುಕರೆಯ ಅಭಿಮಾನ ಬೆಳೆದದ್ದು ಒಂದು ವಿಚಿತ್ರ.

ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳ ಮೂರು ದಶಕಗಳನ್ನು ದಾಟಿದೆ. ಉಪ್ಪಿನಂಗಡಿಯ ವಿಜಯ-ವಿಕ್ರಮ ಜೋಡುಕರೆ ಋತುವಿನ ಕೊನೆಯ ಹೊತ್ತಿಗೆ ಬರುತ್ತದೆ. ಸುಳ್ಯ, ಕಡಬದವರಿಗೆ ಹತ್ತಿರದ ದೊಡ್ಡ ಕಂಬಳಗಳೆಂದರೆ ಇವೆರಡು. ಪುತ್ತೂರಿನ ಕಂಬಳಕ್ಕಿಟ್ಟ ಹೆಸರೂ ಅರ್ಥಪೂರ್ಣವಾದದ್ದೇ. ಪಾಡ್ದನದ ಅವಳಿ ವೀರರಾದ ಕೋಟಿ-ಚೆನ್ನಯರು ಹುಟ್ಟಿದ್ದು ಪುತ್ತೂರಿನ ಬಳಿಯ ಪಡುಮಲೆಯಲ್ಲಿ, ಅವರ ಕಥೆ ಮುಗಿಯುವುದು ಸುಳ್ಯ-ಕಡಬ ಭಾಗದ ಎಣ್ಮೂರಿನಲ್ಲಿ. ಅವರಿಗೂ ಬುದ್ಯಂತನಿಗೂ ಜಗಳ ಹುಟ್ಟಿದ್ದು ಗದ್ದೆಯ ಬೇಸಾಯ ಮತ್ತು ನೀರಿನ ವಿಷಯದಲ್ಲಿ. ಈ ನೆಲದ ಅತಿ ದೊಡ್ಡ ವೀರಕಥೆಯ ಬೇರು ಕೂಡ ಕೆಸರಿನಲ್ಲಿಯೇ ಇದೆ.

ಹಟ್ಟಿಯ ಮಳೆಗಾಲ

ಉಳುಮೆ ನಿಂತ ಮೇಲೆ ಅದು ಕೊಡುತ್ತಿದ್ದ ತಾಲೀಮನ್ನು ಬೇರೆ ದಾರಿಯಲ್ಲಿ ಕೊಡಬೇಕಾಯಿತು. ಇದೇ ಇಂದಿನ ಕಂಬಳದ ದೊಡ್ಡ ಖರ್ಚು, ದೊಡ್ಡ ಶ್ರಮ. ಮಾರ್ಚ್ ಕೊನೆಗೋ ಏಪ್ರಿಲಿಗೋ ಋತು ಮುಗಿದರೆ ಕೋಣಗಳಿಗೆ ವಿಶ್ರಾಂತಿ. ಮಳೆಗಾಲದಲ್ಲಿ ಹಸಿ ಹುಲ್ಲು, ಬೈಹುಲ್ಲು. ಆಮೇಲೆ ಹುರುಳಿಯ ಪ್ರಮಾಣ ಏರುತ್ತಾ ಹೋಗುತ್ತದೆ. ತುಳುವಿನಲ್ಲಿ ಕುಡು ಎನ್ನುವ ಈ ಹುರುಳಿಯೇ ಓಟದ ಕೋಣದ ಮುಖ್ಯ ಆಹಾರ. ಅದು ಮೈಗೆ ಉಷ್ಣವೆಂದು ಜೊತೆಗೆ ತಂಪಿನ ಕುಂಬಳಕಾಯಿ ಕೊಡುವವರಿದ್ದಾರೆ. ಮೈಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುತ್ತಾರೆ. ಕೆರೆಯಲ್ಲೋ ಹೊಳೆಯಲ್ಲೋ ಈಜಿಸುತ್ತಾರೆ. ಕೋಣಗಳಿಗೆಂದೇ ಈಜುಕೊಳ ಕಟ್ಟಿಸಿದ ಮನೆಗಳೂ ಇವೆ. ಈಜಿನಿಂದ ಗೊರಸಿಗೆ, ಗಂಟಿಗೆ ಪೆಟ್ಟಾಗದೆ ಉಸಿರು ಬೆಳೆಯುತ್ತದೆ. ಹಟ್ಟಿಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಇಷ್ಟನ್ನೂ ಮಾಡಲು ವರ್ಷವಿಡೀ ಆಳು ಬೇಕು. ಬಹುಮಾನದ ಎರಡು ಪವನಿನಿಂದ ಈ ಖರ್ಚು ಹುಟ್ಟುವುದಿಲ್ಲ ಎಂಬುದು ಕಂಬಳ ಬಲ್ಲ ಎಲ್ಲರಿಗೂ ಗೊತ್ತು.

ಅಭಿಮಾನಿಗಳ ಕೆಲಸ ಆರಂಭವಾಗುವುದೂ ಈ ಮಳೆಗಾಲದಲ್ಲೇ. ಯಾವ ಮನೆಯವರು ಹೊಸ ಕೋಣ ತಂದರು? ಕಳೆದ ವರ್ಷ ಕಿರಿಯ ವಿಭಾಗದಲ್ಲಿದ್ದ ಕುಟ್ಟಿ ಈ ವರ್ಷ ಹಿರಿಯಕ್ಕೆ ಹೋಗುತ್ತಾನೆಯೆ? ಹಲ್ಲು ನೋಡಿ ಪ್ರಾಯ ತೀರ್ಮಾನಿಸುವ ಲೆಕ್ಕದ ಮೇಲೆ ಚಹಾದ ಅಂಗಡಿಗಳಲ್ಲಿ ಗಂಟೆಗಟ್ಟಲೆ ಚರ್ಚೆ. ಕಾಟಿ, ಚೆನ್ನ, ಕುಟ್ಟಿ, ದೂಜ ಎಂಬ ಹೆಸರುಗಳು ಮನೆಮಕ್ಕಳ ಹೆಸರಿನಂತೆ ನಾಲಿಗೆಯ ಮೇಲೆ. ನೊಗದಲ್ಲಿ ಎಡಗಡೆಗೆ ಯಾರು, ಬಲಗಡೆಗೆ ಯಾರು ಎಂಬುದೂ ಸಣ್ಣ ವಿಷಯವಲ್ಲ. ಒಂದು ಕೋಣ ಎಷ್ಟೇ ಚುರುಕಾಗಿರಲಿ, ಜೊತೆಗಾರ ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಜೋಡಿ ಕರೆಯ ಅಂಚಿಗೆ ವಾಲುತ್ತದೆ.

ಕಂಬಳದಲ್ಲಿ ಇಂದು ಇರುವುದು ಮುಖ್ಯವಾಗಿ ಆರು ವಿಭಾಗ: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ ಮತ್ತು ಕನೆಹಲಗೆ. ಇವುಗಳ ಹೆಸರಿನಲ್ಲೇ ಬೇಸಾಯದ ನೆನಪು ಉಳಿದಿದೆ. ನೇಗಿಲು ವಿಭಾಗದಲ್ಲಿ ಓಟಕ್ಕೆಂದೇ ಮಾಡಿದ ಹಗುರ ನೇಗಿಲನ್ನು ಹಿಡಿದು ಓಡುತ್ತಾರೆ. ಗದ್ದೆ ಸಮ ಮಾಡುವ ಹಲಗೆಯ ಮಾದರಿಯೇ ಅಡ್ಡಹಲಗೆ, ಅದರ ಮೇಲೆ ಓಡಿಸುವವನು ನಿಂತಿರುತ್ತಾನೆ. ಹಗ್ಗದಲ್ಲಿ ಕೈಗೆ ಸಿಗುವುದು ಹಗ್ಗ ಮಾತ್ರ, ವೇಗ ಹೆಚ್ಚು. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಮುಖ್ಯ. ತೂತುಗಳಿರುವ ಸಣ್ಣ ಮರದ ದಿಮ್ಮಿಯ ಮೇಲೆ ಒಂದು ಕಾಲೂರಿ ನಿಂತಾಗ ತೂತುಗಳಿಂದ ಚಿಮ್ಮುವ ಕೆಸರುನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಲೆಕ್ಕ. ಹಗ್ಗದ ಕೋಣಕ್ಕೆ ಬೇಕಾದ ತಾಲೀಮು ಕನೆಹಲಗೆಯ ಕೋಣಕ್ಕೆ ಸಾಲದು. ಯಾವ ಜೋಡಿಯನ್ನು ಯಾವ ವಿಭಾಗಕ್ಕೆ ಇಳಿಸುವುದು ಎಂದು ತೀರ್ಮಾನವಾಗುವುದು ಬಹುತೇಕ ಕುದಿಯಲ್ಲಿ.

ಓಡಿಸುವವನ ಪಾಠ

ಕೋಣಗಳಿಗೆ ತಾಲೀಮು ಪ್ರತ್ಯೇಕವಾದಂತೆ ಓಡಿಸುವವನಿಗೂ ಆಯಿತು. ಅಪ್ಪನ ಹಿಂದೆ ಗದ್ದೆಗಿಳಿದು ಕಲಿಯಲು ಗದ್ದೆಯೇ ಇಲ್ಲದಾಗ ಹುಡುಗರು ಎಲ್ಲಿ ಕಲಿಯಬೇಕು? ಈ ಪ್ರಶ್ನೆಗೆ ಉತ್ತರವಾಗಿ 2011ರಲ್ಲಿ ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳದ ಸಂರಕ್ಷಣೆ, ನಿರ್ವಹಣೆ ಮತ್ತು ತರಬೇತಿಗಾಗಿ ಅಕಾಡೆಮಿಯೊಂದು ಆರಂಭವಾಯಿತು. ಕೆ. ಗುಣಪಾಲ ಕಡಂಬ ಅವರ ಮುಂದಾಳತ್ವದಲ್ಲಿ ಯುವಕರಿಗೆ ವ್ಯಾಯಾಮ, ಯೋಗ, ಕೋಣಗಳ ಆರೈಕೆ, ಕರೆಯಲ್ಲಿ ಓಡುವ ಕ್ರಮ ಎಲ್ಲವನ್ನೂ ಕಲಿಸುವ ಶಿಬಿರಗಳು ನಡೆದವು. ಶಾಲೆಯ ಮಾದರಿಯ ಕಂಬಳ ಶಿಕ್ಷಣ!

ಆ ಶಿಬಿರದಲ್ಲಿ ಕಲಿತ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ 2020ರ ಫೆಬ್ರವರಿಯಲ್ಲಿ ಜಗತ್ತಿಗೆಲ್ಲ ಸುದ್ದಿಯಾದರು. ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು ಅವರು ಓಡಿಸಿದ ಕೋಣಗಳು 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದವು. ಅದನ್ನು 100 ಮೀಟರಿಗೆ ಇಳಿಸಿ ಯಾರೋ ಲೆಕ್ಕ ಹಾಕಿದಾಗ 9.55 ಸೆಕೆಂಡು ಬಂತು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಶ್ರೀನಿವಾಸ ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರ ಪರೀಕ್ಷಾ ಓಟಕ್ಕೆ ಕರೆದಾಗ ಅವರು ಹೋಗಲಿಲ್ಲ. ಟ್ರ್ಯಾಕಿನಲ್ಲಿ ಕಾಲ್ಬೆರಳ ಬಲ, ಕಂಬಳದಲ್ಲಿ ಹಿಮ್ಮಡಿಯ ಬಲ, ಎರಡೂ ಬೇರೆ ಎಂಬರ್ಥದ ಮಾತು ಅವರದಾಗಿತ್ತು.

ಆ ಮಾತು ಎಷ್ಟು ನಿಜ ಎಂದು ಕುದಿ ನೋಡಿದವನಿಗೆ ಅರ್ಥವಾಗುತ್ತದೆ. ಹಗ್ಗ ಹಿಡಿದವನನ್ನು ಕೋಣಗಳ ವೇಗವೇ ಮುಂದಕ್ಕೆ ಸೆಳೆಯುತ್ತದೆ. ಅವನು ಬೀಳದೆ, ಅವುಗಳ ಹೆಜ್ಜೆ ಕೆಡಿಸದೆ ಜೊತೆಗಿರಬೇಕು. ಇದನ್ನು ಬೋಲ್ಟನ ಓಟದ ಜೊತೆ ತೂಗುವುದು ದೋಣಿಯನ್ನೂ ಗಾಡಿಯನ್ನೂ ತೂಗಿದಂತೆ. ಹೊರಗಿನವರು ಸೆಕೆಂಡುಗಳನ್ನು ನೋಡಿ ಬೆರಗಾದರು. ಬದುವಿನ ಮೇಲಿದ್ದವರಿಗೆ ಆ ಸೆಕೆಂಡುಗಳ ಹಿಂದಿನ ಒಂಬತ್ತು ತಿಂಗಳು ಗೊತ್ತಿತ್ತು.

ಕಂಬಳವಿಲ್ಲದ ಋತು

ಮಾವನ ನೋಟುಪುಸ್ತಕದಲ್ಲಿ ಪ್ರತಿ ಪುಟಕ್ಕೆ ಎರಡು ಕಂಬ. ಎಡಗಡೆ ಕುದಿಯ ಸಮಯ, ಬಲಗಡೆ ಋತುವಿನ ಕಂಬಳಗಳ ಸಮಯ. ಹಳೆಯ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಒಂದು ಪುಟದಲ್ಲಿ ಎಡಗಂಬ ಮಾತ್ರ ತುಂಬಿದ್ದು, ಬಲಗಂಬ ಪೂರ್ತಿ ಖಾಲಿ ಇರುವುದು ಕಂಡಿತು. ಅದು 2016.

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿ ನೀಡಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಮುಂದಿನ ಎರಡು ವರ್ಷ ಅರ್ಜಿ, ಆದೇಶಗಳ ಆತಂಕದಲ್ಲೇ ಕಳೆಯಿತು. 2016ರ ನವೆಂಬರ್‌ನಲ್ಲಿ, ಋತು ಇನ್ನೇನು ಆರಂಭವಾಗಬೇಕು ಎನ್ನುವಾಗ, ಹೈಕೋರ್ಟಿನ ಮಧ್ಯಂತರ ತಡೆ ಬಂತು. ಹುರುಳಿ ತಿಂದು, ಈಜಿ, ಕುದಿ ಓಡಿ ಸಿದ್ಧವಾಗಿದ್ದ ಕೋಣಗಳು ಹಟ್ಟಿಗೆ ಮರಳಿದವು. 2017ರ ಜನವರಿ ಕೊನೆಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳೊಂದಿಗೇ ಮೆರವಣಿಗೆ ನಡೆಯಿತು. ಫೆಬ್ರವರಿಯಲ್ಲಿ ರಾಜ್ಯ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ಅಂಗೀಕರಿಸಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಬಂದು, 2018ರಲ್ಲಿ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ರಾಜ್ಯ ಕಾನೂನುಗಳನ್ನು ಎತ್ತಿಹಿಡಿಯಿತು.

ಆ ಖಾಲಿ ವರ್ಷದಲ್ಲಿ ನಡೆದದ್ದರ ಬಗ್ಗೆ ಮಾವ ಹೇಳಿದ್ದು ಹೀಗೆ: "ಕಂಬಳ ಇಲ್ಲ ಅಂತ ಕೋಣಕ್ಕೆ ಗೊತ್ತುಂಟಾ? ಅದಕ್ಕೆ ಬೆಳಿಗ್ಗೆ ಹುರುಳಿ ಬೇಕು, ಎಣ್ಣೆ ಬೇಕು. ಯಜಮಾನ್ರು ಒಂದು ದಿವಸ ಬಿಡ್ಲಿಲ್ಲ. ನಾನು ಎರಡು ಸಲ ಹಟ್ಟಿಗೇ ಹೋಗಿ ನೋಡಿ ಬಂದೆ." ಓಟವೇ ಇಲ್ಲದ ವರ್ಷದಲ್ಲಿ ಕೋಣಗಳನ್ನು ನೋಡಲು ಕಡಬದಿಂದ ಎರಡು ಬಸ್ಸು ಬದಲಿಸಿ ಹೋಗಿ ಬರುವುದು! ಇದನ್ನು ಕ್ರೀಡಾಭಿಮಾನ ಎಂದರೆ ಕಡಿಮೆಯಾದೀತು.

ಹಾಗೆಂದು ನ್ಯಾಯಾಲಯದ ಮೆಟ್ಟಿಲೇರಿದವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೋಣಗಳ ಬೆನ್ನಿನ ಮೇಲೆ ಬಾಸುಂಡೆ ಕಂಡವರಿದ್ದಾರೆ. ಬೆತ್ತದ ಬಳಕೆಗೆ ನಿರ್ಬಂಧ ಬಂದದ್ದು ಆ ಪ್ರಶ್ನೆ ಎದ್ದ ಕಾರಣದಿಂದಲೇ. ಕುದಿಯಲ್ಲಿ ಕುಳಿತು ನೋಡುತ್ತಿದ್ದಾಗ ನನಗನಿಸಿದ್ದಿಷ್ಟು. ಚೆನ್ನಾಗಿ ತಾಲೀಮಾದ ಜೋಡಿ ಗಂತಿನಲ್ಲಿ ನಿಂತಾಗಲೇ ಕಿವಿ ನಿಮಿರಿಸುತ್ತದೆ, ಒಂದು ಕೂಗಿಗೆ ಚಿಮ್ಮುತ್ತದೆ. ಹೊಡೆತ ಬೀಳುವುದು ಹೆಚ್ಚಾಗಿ ಸಿದ್ಧವಾಗದ ಕೋಣಕ್ಕೆ, ಹೊಂದಿಕೊಳ್ಳದ ಜೋಡಿಗೆ, ಅವಸರದ ಯಜಮಾನನ ಕೋಣಕ್ಕೆ. ಕಂಬಳದ ದಿನ ನೂರಕ್ಕೂ ಹೆಚ್ಚು ಜೋಡಿಗಳ ನಡುವೆ, ರಾತ್ರಿ ಬೆಳಗಾಗುವವರೆಗೆ ನಡೆಯುವ ಓಟದಲ್ಲಿ, ಯಾವ ಕೋಣವನ್ನು ಹೇಗೆ ಸಾಕಿದ್ದಾರೆ ಎಂದು ತಿಳಿಯುವುದು ಕಷ್ಟ. ಕುದಿಯಲ್ಲಿ ಅದು ಮುಚ್ಚಿಡಲಾಗದ ಸತ್ಯ. ಕಂಬಳ ಉಳಿಯಬೇಕೆನ್ನುವವರೂ ಅದನ್ನು ಪ್ರಶ್ನಿಸುವವರೂ ಕುದಿಗೆ ಬಂದು ಬದುವಿನ ಮೇಲೆ ಒಂದು ಬೆಳಿಗ್ಗೆ ಕುಳಿತರೆ ಮಾತುಕತೆ ಇನ್ನಷ್ಟು ಹದವಾದೀತು.

ಗದ್ದೆ ಬಿಟ್ಟ ಕೋಣಗಳು

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ. ಕರಾವಳಿಯ ಕೋಣಗಳು ಲಾರಿಯೇರಿ ಘಾಟಿ ಹತ್ತಿದವು. ಗದ್ದೆಯೇ ಇಲ್ಲದ ಜಾಗದಲ್ಲಿ ಕರೆ ತೋಡಿ, ಮಣ್ಣು ತುಂಬಿ, ನೀರು ಬಿಟ್ಟು ಓಡಿಸಿದರು. ಬೇಸಾಯದಿಂದ ಬಿಡಿಸಿಕೊಂಡ ಕಂಬಳ ಎಷ್ಟು ದೂರ ಪ್ರಯಾಣ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದರಿಂದ ಹೆಮ್ಮೆ ಪಟ್ಟವರೂ ಇದ್ದಾರೆ, ಕಂಬಳ ತನ್ನ ನೆಲ ಬಿಟ್ಟು ಪ್ರದರ್ಶನವಾಯಿತು ಎಂದು ಕೊರಗಿದವರೂ ಇದ್ದಾರೆ.

ಆದರೆ ನಿಜಕ್ಕೂ ನೆಲ ಬಿಟ್ಟದ್ದು ಕೋಣಗಳಲ್ಲ, ನಾವು. ಪುತ್ತೂರು, ಸುಳ್ಯ, ಕಡಬದ ಬೈಲುಗಳು ತೋಟಗಳಾದದ್ದು ಬೆಂಗಳೂರಿನ ಕಂಬಳಕ್ಕಿಂತ ಬಹಳ ಹಿಂದೆ. ಉಳುಮೆಯ ಕೋಣ ಹೋದ ಮೇಲೆ ಓಟದ ಕೋಣ ಉಳಿದಿರುವುದು ಯಜಮಾನರ ಹುಚ್ಚಿನಿಂದ, ಓಡಿಸುವವರ ಹಿಮ್ಮಡಿಯ ಬಲದಿಂದ, ನನ್ನ ಮಾವನಂಥವರ ನೋಟುಪುಸ್ತಕಗಳಿಂದ. ಅಡಿಕೆಯ ಅಂಗಳದಲ್ಲಿ ಬೆಳೆದ ನನ್ನ ಓರಗೆಯವರಿಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮಾತುಗಳು ಮನೆಯಲ್ಲಿ ಕೇಳಿಸಿದ್ದು ಕಡಿಮೆ. ನೊಗ, ನೇಗಿಲು, ಹಲಗೆ ಎಂಬ ಶಬ್ದಗಳು ಬಳಕೆಯಲ್ಲಿ ಕೇಳಿಸಿದ್ದು ಕಂಬಳದ ಕರೆಯ ಬಳಿಯಲ್ಲೇ. ಕುದಿ ಎಂಬುದು ಒಂದರ್ಥದಲ್ಲಿ ಕಳೆದುಹೋದ ಆ ಉಳುಮೆಯ ಐದು ತಿಂಗಳ ನೆನಪು. ಇಂದು ಅದನ್ನು ನಾವು ಬೇರೆ ಹೆಸರಿನಲ್ಲಿ ಮಾಡುತ್ತಿದ್ದೇವೆ ಅಷ್ಟೆ.

ಅಂದು ಮಧ್ಯಾಹ್ನದ ಹೊತ್ತಿಗೆ ಮಾವನ ಮೆಚ್ಚಿನ ಜೋಡಿ ಗಂತಿಗೆ ಬಂತು. ಎಡಗಡೆಯವ ಹಳಬ, ಬಲಗಡೆಯವ ಈ ವರ್ಷ ಬಂದವ. ಅರ್ಧ ಕರೆಯವರೆಗೆ ಸೊಗಸಾಗಿ ಓಡಿದ ಜೋಡಿ ಆಮೇಲೆ ಬಲಕ್ಕೆ ವಾಲಿತು. ಮಂಜೊಟ್ಟಿ ಏರುವಾಗ ಹಿಂದಿನ ವರ್ಷದ ಕುದಿಗಿಂತ ತಡವಾಗಿತ್ತು. ಮಾವ ಸಮಯ ಬರೆದುಕೊಂಡು ಸುಮ್ಮನಿದ್ದರು. ಬೇಸರವಾಯಿತೋ ಎಂದು ಕೇಳಿದೆ.

"ಹೊಸಬ ಅಲ್ವಾ, ಹಳಬನ ಹೆಜ್ಜೆ ಇನ್ನೂ ಗೊತ್ತಾಗ್ಲಿಲ್ಲ ಅವನಿಗೆ. ಪುತ್ತೂರಿಗೆ ಬರುವಾಗ ಸರಿಯಾಗ್ತದೆ" ಎಂದರು. ಮೈ ತೊಳೆಸಿಕೊಳ್ಳಲು ಹೊರಟಿದ್ದ ಹೊಸಬನನ್ನು ಹತ್ತಿರದಿಂದ ನೋಡಲು ಬದುವಿನಿಂದ ಎದ್ದು, ಲುಂಗಿ ಎತ್ತಿ ಕಟ್ಟಿ, ತೆಂಗಿನ ಮರಗಳ ಕಡೆ ನಡೆದರು. ಪುತ್ತೂರಿನ ಕಂಬಳಕ್ಕೆ ಇನ್ನೂ ಎರಡು ತಿಂಗಳಿತ್ತು.